ಷೇರ್‌ನೆಸ್ ಅಲ್ಲ, ಶೇರ್‌ನೆಸ್

ಎನಿಡ್ ಥ್ಯಾಕ್ರೆಯನ್ನು ನಾನು ಮೊದಲು ನೋಡಿದ್ದು ಸಾವಿರದ ಒಂಬೈನೂರ ಎಪ್ಪತ್ತಮೂರರ ಅಕ್ಟೋಬರ್ ತಿಂಗಳ ಎರಡನೆಯ ಮಂಗಳವಾರ, ಸಂಜೆ ಆರೂವರೆಗೆ, ಉತ್ತರ ಸ್ವೀಡನ್ನಿನ ನಮ್ಮೂರ ಶಾಲೆಯ ಮರಗೆಲಸದ ಕೋಣೆಯಲ್ಲಿ. ತರಗತಿಯ ಹೀಟರ್ ಕೆಟ್ಟಿದ್ದರಿಂದ ಸಂಜೆಪಾಠವನ್ನು ಅಲ್ಲಿಗೆ ಸಾಗಿಸಿದ್ದರು. ಕೋಣೆಯ ತುಂಬ ಗರಗಸದ ಹೊಟ್ಟಿನ ವಾಸನೆ. ನಾನು ಒಂದು ಉದ್ದ ಮೇಜಿನ ಮೇಲಿನ ಹೊಟ್ಟನ್ನು ಒರೆಸಿ, ಆರು ಪುಸ್ತಕ, ಆರು ಪೆನ್ಸಿಲ್ ಜೋಡಿಸಿಟ್ಟು ಕಾಯುತ್ತಿದ್ದೆ. ಹೊರಗಿನಿಂದ ಬಂದವರಿಗೆ ಸ್ವೀಡಿಷ್ ಕಲಿಸುವ ಆ ತರಗತಿಗೆ ಆರು ಜನ ಹೆಸರು ಕೊಟ್ಟಿದ್ದರು. ಐವರು ಫಿನ್‌ಲ್ಯಾಂಡಿನವರು, ಸಾಮಿಲ್ಲಿನಲ್ಲಿ ಅವರ ಪಾಳಿ ಬದಲಾಗಿ ಬರಲೇ ಇಲ್ಲ. ಬಂದದ್ದು ಒಬ್ಬಳೇ.

ಮೂವತ್ತರ ಮೇಲೆ ಒಂದೋ ಎರಡೋ ವರ್ಷ ಇರಬಹುದು. ಗಂಡಸರ ರಬ್ಬರ್ ಬೂಟು, ಡೈರಿಯವರು ಕೊಡುವ ಬಿಳಿ ಅಂಗಿಯ ಮೇಲೆ ಹಸಿರು ಕೋಟು, ಕೈಯಲ್ಲಿ ಮಡಿಸಿದ ಹಿಟ್ಟಿನ ಚೀಲದ ಕಾಗದ. ಬೂಟನ್ನು ಬಾಗಿಲಲ್ಲಿ ಬಿಟ್ಟು, ತೂತಾದ ಕಾಲುಚೀಲದಲ್ಲೇ ಬಂದು ನನ್ನ ಎದುರು ಕುಳಿತಳು. ನಾನು ಬೋರ್ಡಿನ ಮೇಲೆ ಚಂದವಾಗಿ ಬರೆದಿದ್ದ 'ಪಾಠ ಒಂದು' ಎಂಬುದನ್ನು ನೋಡಿದಳು.

"ಮಿಸ್, ನಂಗೆ ಸ್ವೀಡಿಷ್ ಬೇಡ" ಎಂದಳು ಇಂಗ್ಲಿಷಿನಲ್ಲಿ. "ಈ ಇಪ್ಪತ್ತೆರಡು ಹೆಸರು ಸಾಕು."

ಹಿಟ್ಟಿನ ಕಾಗದವನ್ನು ಬಿಡಿಸಿ ಮೇಜಿನ ಮೇಲೆ ಹರಡಿದಳು. ಏಳನೇ ನಂಬರ್ ಬಸ್ಸಿನ ಇಪ್ಪತ್ತೆರಡು ನಿಲ್ದಾಣಗಳ ಹೆಸರು, ದೊಡ್ಡ ಅಕ್ಷರದಲ್ಲಿ. ನಾನು ಹುಟ್ಟಿದಾಗಿನಿಂದ ಓಡಾಡಿದ ದಾರಿ ಅದು.

ನನಗೆ ಆಗ ಇಪ್ಪತ್ತನಾಲ್ಕು. ಊಮಿಯೋದ ಶಿಕ್ಷಕರ ಕಾಲೇಜಿನಿಂದ ಆ ಜೂನ್‌ನಲ್ಲಷ್ಟೇ ಹೊರಬಂದಿದ್ದೆ. ಅಪ್ಪ ಬೇಸಿಗೆಯಲ್ಲಿ ನದಿಯಲ್ಲಿ ಮರದ ದಿಮ್ಮಿ ತೇಲಿಸುವವರು, ಮನೆಯಲ್ಲಿ ನಾಲ್ಕು ಹಸು. ನಮ್ಮ ಮನೆತನದಲ್ಲಿ ಆರನೆಯ ತರಗತಿ ದಾಟಿದವಳು ನಾನೊಬ್ಬಳೇ. ಹಾಗಾಗಿ ಇಡೀ ವರ್ಷದ ಪಾಠವನ್ನು ವಾರವಾರಕ್ಕೆ ಹಂಚಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದೆ. ಅದನ್ನು ಮುಚ್ಚಿಡಬೇಕಾಯಿತು.

"ಓದು ನೋಡೋಣ" ಎಂದೆ.

ಅವಳು ಬರೆದದ್ದನ್ನು ಬರೆದ ಹಾಗೇ ಓದಿದಳು. ದ್‌ಜುಪ್‌ವಿಕ್. ಹ್‌ಜುಲ್‌ಬೆಕ್. ಲ್‌ಜುಸ್‌ನೆಸ್. ಗ್ಯಾಡ್‌ಸೇಲ್. ಪ್ರತಿ ಹೆಸರೂ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ ಬರುತ್ತಿತ್ತು.

"ಯೂಪ್‌ವಿಕ್" ಎಂದೆ. "ಯೂಲ್‌ಬೆಕ್. ಯೂಸ್‌ನೆಸ್. ಯೆಡ್‌ಸೇಲೆ."

ಅವಳು ಕಾಗದ ನೋಡಿದಳು, ನನ್ನನ್ನು ನೋಡಿದಳು. "ಒಂದು ಡಿ-ಯಿಂದ ಶುರು, ಒಂದು ಎಚ್, ಒಂದು ಎಲ್, ಒಂದು ಜಿ. ನೀನು ನಾಲ್ಕಕ್ಕೂ ಯ ಅಂತೀಯಲ್ಲ."

"ಮುಂದೆ ಜೆ ಬಂದ್ರೆ ಅವೆಲ್ಲ ಸುಮ್ಮನಾಗ್ತವೆ. ಜೆ ಮಾತ್ರ ಕೇಳುತ್ತೆ. ಅದು ಯ. ಜಿ-ಯದು ಬೇರೆ ಲೆಕ್ಕ."

"ಸುಮ್ಮನಿರೋರನ್ನ ಬಸ್ಸಿಗೆ ಯಾಕೆ ಹತ್ತಿಸ್ಕೊಂಡ್ರಿ?"

ನನಗೂ ಸ್ವಲ್ಪ ರೋಷ ಬಂತು. ಕಾಲೇಜಿನಲ್ಲಿ ಇಂಗ್ಲಿಷ್ ಕಾಗುಣಿತ ಬಾಯಿಪಾಠ ಮಾಡುವಾಗ ನಾನು ಅತ್ತದ್ದಿದೆ. "ನಿಮ್ಮ ನೈಫ್‌ನಲ್ಲಿ ಮೊದಲು ಕೆ ಇದೆಯಲ್ಲ, ಅದೇನು ಮಾಡ್ತಿದೆ?"

"ಅದು ಸತ್ತಿದೆ, ಮಿಸ್. ಗೋರಿ ಕಟ್ಟಿ ಬಿಟ್ಟಿದ್ದೀವಿ. ನಿಮ್ಮ ಅಕ್ಷರ ಸತ್ತಿಲ್ಲ. ವೇಷ ಹಾಕ್ಕೊಂಡು ಓಡಾಡ್ತಿದೆ."

ಆ ಮಾತಿಗೆ ಇಬ್ಬರೂ ನಕ್ಕೆವು. ಆಮೇಲೆ ಅವಳು ತನ್ನ ವಿಷಯ ಹೇಳಿದಳು. ಊರು ಇಂಗ್ಲೆಂಡಿನ ಗ್ರಿಮ್ಸ್‌ಬಿ, ಬಂದರು. ಅಲ್ಲಿ ಒಂಬತ್ತು ವರ್ಷ ಮೀನಿನ ಲಾರಿ ಓಡಿಸಿದವಳು. ಗಂಡ ತೂರೆ ಸ್ವೀಡನ್ನಿನ ದಕ್ಷಿಣದವನು, ಹಡಗಿನಲ್ಲಿದ್ದ. ಆ ಬೇಸಿಗೆಯಲ್ಲಿ ನಮ್ಮ ಉತ್ತರದ ಸಾಮಿಲ್ಲಿನಲ್ಲಿ ಗರಗಸ ಹರಿತ ಮಾಡುವ ಕೆಲಸ ಸಿಕ್ಕಿ ಇಬ್ಬರೂ ಬಂದಿದ್ದರು. ಎನಿಡ್‌ಗೆ ಸಿಕ್ಕಿದ್ದು ಡೈರಿಯ ನೆಲ ಒರೆಸುವ ಕೆಲಸ.

"ದಿನವಿಡೀ ನೆಲದ ಜೊತೆ ಮಾತಾಡ್ತೀನಿ. ಅದಾದ್ರೂ ಇಂಗ್ಲಿಷ್‌ನಲ್ಲಿ ಕೇಳಿಸ್ಕೊಳ್ಳುತ್ತೆ" ಎಂದಳು.

ಏಳನೇ ನಂಬರ್ ಬಸ್ಸಿನ ಹಳೆಯ ಡ್ರೈವರ್ ನವೆಂಬರ್ ಕೊನೆಗೆ ನಿವೃತ್ತನಾಗುವವನಿದ್ದ. ಬಸ್ಸಿನ ಮಾಲೀಕ ಹೆಲ್ಮರ್ ವಿಕ್‌ಲುಂಡ್ ಅವಳನ್ನು ಒಂದು ಸುತ್ತು ಓಡಿಸಲು ಬಿಟ್ಟು, ಓಡಿಸುವುದರಲ್ಲಿ ತಪ್ಪಿಲ್ಲ, ಕರೆಯುವುದನ್ನು ಕಲಿತು ಬಾ ಎಂದಿದ್ದನಂತೆ. ಚಳಿಗಾಲದಲ್ಲಿ ನಮ್ಮ ಬಸ್ಸಿನ ಕಿಟಕಿಗಳಿಗೆ ಒಳಗಿನಿಂದ ಮಂಜು ಕಟ್ಟುತ್ತದೆ. ಬೆಳಿಗ್ಗೆ ಒಂಬತ್ತರವರೆಗೂ ಕತ್ತಲು. ಡ್ರೈವರ್ ನಿಲ್ದಾಣದ ಹೆಸರು ಕರೆಯದಿದ್ದರೆ ಯಾವ ಊರು ಬಂತೆಂದು ಯಾರಿಗೂ ತಿಳಿಯದು. ಹಿಂದಿನ ಚಳಿಗಾಲದಲ್ಲಿ ದಕ್ಷಿಣದಿಂದ ಬಂದ ಬದಲಿ ಡ್ರೈವರ್ ಒಬ್ಬನ ಉಚ್ಚಾರ ತಪ್ಪಿ, ಕಣ್ಣು ಕಾಣದ ತೆಕ್ಲಾ ಅಜ್ಜಿ ಬೇರೆ ಊರಲ್ಲಿ ಇಳಿದು, ಮೊಣಕಾಲುದ್ದ ಹಿಮದಲ್ಲಿ ಅರ್ಧ ಗಂಟೆ ನಿಂತಿದ್ದಳು. ಹೆಲ್ಮರ್ ಅದನ್ನು ಮರೆತಿರಲಿಲ್ಲ.

"ಗಂಡನ ಹತ್ರಾನೇ ಕಲೀಬಹುದಲ್ಲ?" ಎಂದೆ.

"ತೂರೆ ಹೇಳೋದು ನಿಮಗೇ ಅರ್ಥ ಆಗಲ್ಲ. ಬಾಯಲ್ಲಿ ಗಂಜಿ ಇಟ್ಕೊಂಡು ಮಾತಾಡ್ತಾನೆ ಅಂತ ಮಿಲ್ಲಿನಲ್ಲಿ ನಗ್ತಾರಂತೆ." ಪೆನ್ಸಿಲನ್ನು ಮೇಜಿನ ಮೇಲೆ ಉರುಳಿಸಿದಳು. "ಈ ಕೆಲಸ ಸಿಗದಿದ್ರೆ ಕ್ರಿಸ್‌ಮಸ್‌ಗೆ ಮುಂಚೆ ಅಮ್ಮನ ಮನೆಗೆ ಹೋಗಿಬಿಡ್ತೀನಿ, ಮಿಸ್. ತೂರೆಗೂ ಹೇಳಿದ್ದೀನಿ. ಬೇಕಾದ್ರೆ ಆಮೇಲೆ ಬರಲಿ. ಬಾಯಿ ಇಲ್ಲದೋಳ ಹಾಗೆ ಒಂದು ಚಳಿಗಾಲ ಕಳೆಯೋಕೆ ನನ್ನ ಕೈಲಿ ಆಗಲ್ಲ."

ಆ ದಿನದಿಂದ ಮಂಗಳವಾರ, ಗುರುವಾರ ಎರಡು ಸಂಜೆ. ನನಗೆ ಸಂಬಳ ಮಂಗಳವಾರಕ್ಕೆ ಮಾತ್ರ. ಗುರುವಾರ ನಾನೇ ಶೇರ್‌ನೆಸ್‌ನಲ್ಲಿದ್ದ ಅವರ ಮನೆಗೆ ಹೋಗುತ್ತಿದ್ದೆ. ತೂರೆ ನಮ್ಮ ಉತ್ತರದವರ ಹಾಗೆ ಕಾಫಿಯೊಳಗೆ ಚೀಸ್ ತುಂಡು ಹಾಕಿ, ತೆಳ್ಳನೆಯ ಬಾರ್ಲಿ ರೊಟ್ಟಿಯ ಜೊತೆ ನಮ್ಮಿಬ್ಬರ ಮುಂದಿಟ್ಟು, ತಾನು ಮೂಲೆಯಲ್ಲಿ ಕೂತು ಕಾಲುಚೀಲ ಹೊಲಿಯುತ್ತಿದ್ದ.

ಯಕಾರದ ಊರುಗಳು ಎರಡು ವಾರದಲ್ಲಿ ಸರಿಹೋದವು. ತೊಂದರೆ ಕೊಟ್ಟದ್ದು ಕೆ. ನಮ್ಮಲ್ಲಿ ಕೆ ಎದುರಿಗೆ ಯಾರಿದ್ದಾರೆ ಎಂದು ನೋಡಿ ದನಿ ಬದಲಿಸುತ್ತದೆ. ಮುಂದೆ ಕೆಲವು ಸ್ವರ ಬಂದರೆ ಕಕಾರ, ಕೆಲವು ಬಂದರೆ ಶಕಾರ. ಅದನ್ನು ಕಲಿತ ಮೇಲೂ ಕೆಲವು ಪದ ಮಾತು ಕೇಳುವುದಿಲ್ಲ. ಓಡಿಸುವುದಕ್ಕೂ ಹಾಡುವವರ ಗುಂಪಿಗೂ ನಮ್ಮಲ್ಲಿ ಬರೆಯುವುದು ಒಂದೇ ಥರ, ಮೂರೇ ಅಕ್ಷರ. ಓಡಿಸು ಎನ್ನುವಾಗ ಶೋರ್. ಹಾಡುವ ಗುಂಪು ಎನ್ನುವಾಗ ಕೋರ್. ಎನಿಡ್ ಹೆಲ್ಮರನ ಬಳಿ ಕೆಲಸ ಕೇಳಲು ಹೋದ ಮೊದಲ ದಿನ, ನಿಘಂಟು ನೋಡಿ ಕಟ್ಟಿಕೊಂಡ ವಾಕ್ಯವನ್ನು ಎದೆಯುಬ್ಬಿಸಿ ಹೇಳಿದ್ದಳು: "ನಾನು ಬಸ್ ಕೋರ್."

ಹೆಲ್ಮರ್ ದಿನಕ್ಕೆ ಹತ್ತು ಮಾತಾಡುವ ಮನುಷ್ಯ. ಅದರಲ್ಲಿ ನಾಲ್ಕನ್ನು ಅವತ್ತು ಅವಳಿಗೇ ಖರ್ಚು ಮಾಡಿದ್ದ. "ಹಾಡೋರು ಬೇಡ, ಓಡಿಸೋರು ಬೇಕು."

ಎಲ್ಲಕ್ಕಿಂತ ಕಷ್ಟವಾದದ್ದು ಹದಿನಾಲ್ಕು ಮತ್ತು ಹದಿನೈದನೆಯ ನಿಲ್ದಾಣ. ಷೇರ್‌ನೆಸ್, ಶೇರ್‌ನೆಸ್. ಒಂದರ ಮೊದಲಲ್ಲಿ ಎಸ್ ಮತ್ತು ಕೆ ಎರಡೂ ಇವೆ, ಇನ್ನೊಂದರಲ್ಲಿ ಬರೀ ಕೆ. ನಡುವೆ ಎರಡು ಕಿಲೋಮೀಟರ್, ಬರೀ ಕಾಡು. ಮೊದಲನೆಯದಕ್ಕೆ ನಾವು ನಾಲಿಗೆಯನ್ನು ಮೇಲಕ್ಕೆ ಮಡಿಸುತ್ತೇವೆ, ಎರಡನೆಯದಕ್ಕೆ ಮಡಿಸುವುದಿಲ್ಲ. ತೂರೆಯ ಕಡೆಯವರು ಮೊದಲನೆಯದನ್ನು ಗಂಟಲಿನಿಂದ ಹ್ವೇರ್‌ನೆಸ್ ಎಂದು ಊದುತ್ತಾರೆ. ಅದನ್ನು ಕೇಳಿದರೆ ನಮ್ಮವರು ಬೇರೆ ಯಾವುದೋ ಜಿಲ್ಲೆ ಎಂದುಕೊಳ್ಳುತ್ತಾರೆ. ಎನಿಡ್‌ಳ ಕಿವಿಗೆ ಎರಡೂ ಒಂದೇ.

"ಷೇರ್‌ನೆಸ್" ಎನ್ನುತ್ತಿದ್ದೆ ನಾನು. "ಶೇರ್‌ನೆಸ್."

"ಈಗ ಒಂದೇ ಊರನ್ನ ಎರಡು ಸಲ ಹೇಳಿದೆ."

"ಇಲ್ಲ ಎನಿಡ್, ಎರಡು ಊರು ಹೇಳಿದೆ."

"ನೀನು ಮನೇಲಿ ಒಬ್ಬಳೇ ಇದ್ದಾಗ ನಿಜ ಹೇಳು ಮಿಸ್, ನಿಂಗಾದ್ರೂ ಬೇರೆ ಬೇರೆ ಕೇಳುತ್ತಾ?"

ನಾನು ಕನ್ನಡಿ ತಂದೆ. ನಾಲಿಗೆಯ ಚಿತ್ರ ಬರೆದೆ. ಕಾಲೇಜಿನ ಪುಸ್ತಕದಲ್ಲಿದ್ದದ್ದನ್ನೆಲ್ಲ ಓದಿ ಹೇಳಿದೆ. ಒಂದೂ ಫಲಿಸಲಿಲ್ಲ. ಕೊನೆಗೆ ಉಪಾಯ ಹೊಳೆದದ್ದು ಅವಳಿಗೇ. ನವೆಂಬರ್ ನಡುವಿನ ಒಂದು ಗುರುವಾರ ನಾನು ಬೂಟು ಬಿಚ್ಚುತ್ತಿದ್ದ ಹಾಗೇ ಅಡುಗೆಮನೆಯಿಂದ ಕೂಗಿದಳು.

"ಮಿಸ್, ಒಂದು ಮಗು ಮಲಗಿಸೋ ಊರು. ಇನ್ನೊಂದು ಹಲ್ಲು ಕಿರಿಯೋ ಊರು."

ಮಗುವನ್ನು ಸುಮ್ಮನಿರಿಸುವಾಗ ತುಟಿ ಮುಂದೆ ಬಂದು ದುಂಡಗಾಗುತ್ತದೆ: ಷೇರ್‌ನೆಸ್. ಇಷ್ಟವಿಲ್ಲದ ನೆಂಟರನ್ನು ಕಂಡು ನಗುವಾಗ ತುಟಿ ಅಗಲವಾಗಿ ಹಲ್ಲು ಕಾಣುತ್ತದೆ: ಶೇರ್‌ನೆಸ್. ಮೂಲೆಯಲ್ಲಿದ್ದ ತೂರೆ ಸೂಜಿ ಎತ್ತಿ ಹಿಡಿದು, "ನಾವಿರೋದು ಹಲ್ಲು ಕಿರಿಯೋ ಊರಲ್ಲಾ?" ಎಂದ. ಅವತ್ತು ನಾನು ಅವಳ ಬಾಯಿ ಕಾಣದ ಹಾಗೆ ಕತ್ತು ತಿರುಗಿಸಿ ಕೂತು ಕೇಳಿದರೂ ಎರಡು ಊರು ಬೇರೆಬೇರೆಯಾಗಿಯೇ ಕೇಳಿದವು.

ಇನ್ನೊಂದು ಸಂಗತಿ ಇಲ್ಲಿ ಹೇಳಬೇಕು, ಏಕೆಂದರೆ ತಪ್ಪು ನನ್ನದು. ಆ ತಿಂಗಳೇ ಒಂದು ಸಂಜೆ ಎನಿಡ್ ಸಪ್ಪಗಿದ್ದಳು.

"ಅಂಗಡಿಯಲ್ಲಿ ಬೆಣ್ಣೆ ಇದೆಯಾ ಅಂತ ಕೇಳ್ದೆ. ಆ ಹೆಂಗಸು ಬರಿಗಾಲಲ್ಲಿ ಐಸ್ ಮೆಟ್ಟಿದ ಹಾಗೆ ಉಸಿರು ಒಳಕ್ಕೆ ಎಳ್ಕೊಂಡ್ಳು. ನಾನೇನು ಅಸಹ್ಯ ಅಂದೆ?"

"ಬೆಣ್ಣೆಗೆ ಏನಂದೆ?"

"ಸ್ಮೋರ್."

ಸ್ವರ ಸ್ವಲ್ಪ ಓರೆಯಾಗಿತ್ತು. ನಾನು ಶ್ರದ್ಧೆಯಿಂದ ಆ ಪದವನ್ನು ಇಪ್ಪತ್ತು ಸಲ ಬರೆಸಿ, ಇಪ್ಪತ್ತು ಸಲ ಹೇಳಿಸಿದೆ. ಬೆಣ್ಣೆ ಸಿಕ್ಕಿತೋ ಇಲ್ಲವೋ ಎಂದು ಕೇಳಲಿಲ್ಲ.

ಡಿಸೆಂಬರ್ ಒಂದನೆಯ ತಾರೀಖು, ಶನಿವಾರ ಮಧ್ಯಾಹ್ನ ಪರೀಕ್ಷೆ. ಬಸ್ಸಿನಲ್ಲಿ ಹತ್ತು ಹನ್ನೆರಡು ಜನ. ಹೆಲ್ಮರ್ ಡ್ರೈವರ್ ಹಿಂದಿನ ಸೀಟಿನಲ್ಲಿ ಟೋಪಿಯನ್ನು ಮೊಣಕಾಲಿಗೆ ಹಾಕಿಕೊಂಡು ಕೂತಿದ್ದ. ಅವನ ಪಕ್ಕದ ಸಾಲಿನಲ್ಲಿ ಶೇರ್‌ನೆಸ್‌ಗೆ ಹೋಗಬೇಕಿದ್ದ ತೆಕ್ಲಾ ಅಜ್ಜಿ, ಮಡಿಲಲ್ಲಿ ಹೆಣಿಗೆ. ನಾನು ಕೊನೆಯ ಸೀಟಿನಲ್ಲಿ, ಕೋಟಿನ ಜೇಬಿನೊಳಗೆ ಬೆರಳು ಮಡಿಸಿ ನಿಲ್ದಾಣ ಲೆಕ್ಕ ಹಾಕುತ್ತಿದ್ದೆ. ಕಿಟಕಿಗಳೆಲ್ಲ ಬಿಳಿ. ಹೊರಗೆ ಏನೂ ಕಾಣದು.

ಯೂಪ್‌ವಿಕ್‌ನಲ್ಲಿ ಇಬ್ಬರು ಇಳಿದರು. ಯೂಲ್‌ಬೆಕ್, ಯೂಸ್‌ನೆಸ್, ಯೆಡ್‌ಸೇಲೆ. ಅವಳ ದನಿಯಲ್ಲಿ ಬಂದರಿನ ಕೂಗಾಟದ ಒಂದು ಏರಿಳಿತ ಇತ್ತು. ಆದರೆ ಇಳಿಯಬೇಕಾದವರು ಇಳಿಯಬೇಕಾದಲ್ಲೇ ಏಳುತ್ತಿದ್ದರು. ಹದಿನಾಲ್ಕನೆಯದು ಬಂತು. "ಷೇರ್‌ನೆಸ್" ಎಂದು ಕರೆದಳು. ತೆಕ್ಲಾ ಹೆಣಿಗೆ ಮುಂದುವರಿಸಿದಳು. ಕಾಡು ದಾಟಿತು. "ಶೇರ್‌ನೆಸ್." ತೆಕ್ಲಾ ನೂಲುಂಡೆ ಸುತ್ತಿ ಚೀಲಕ್ಕೆ ಹಾಕಿ, ಯಾರನ್ನೂ ಕೇಳದೆ ಎದ್ದು ಬಾಗಿಲಿಗೆ ಬಂದು ಇಳಿದುಹೋದಳು. ನನಗೆ ಅಳು ಬರುವಂತಾಯಿತು.

ಕೊನೆಯ ನಿಲ್ದಾಣದಲ್ಲಿ ಎನಿಡ್ ಎಂಜಿನ್ ಆರಿಸಿ ಹಿಂದಕ್ಕೆ ತಿರುಗಿದಳು. ಕಲಿತಿಟ್ಟುಕೊಂಡಿದ್ದ ವಾಕ್ಯ ಅದು, ನಾನೇ ಕಲಿಸಿದ್ದು: "ಹೆಲ್ಮರ್, ಸರಿಯಾಯ್ತಾ?"

ಹೆಲ್ಮರ್ ಟೋಪಿ ನೋಡುತ್ತ, "ಶ್ಶುಪ್" ಎಂದ. ಟೋಪಿ ಹಾಕಿಕೊಂಡು ಟೈರ್ ನೋಡಲು ಕೆಳಗಿಳಿದ.

ಎನಿಡ್ ಕೀಲಿಯನ್ನು ಸೀಟಿನ ಮೇಲಿಟ್ಟು ಬಿರಬಿರನೆ ನಡೆದುಹೋದಳು. ತೂರೆಗೆ ಸಿಹಿಸುದ್ದಿ ಹೇಳಲು ಅವಸರ ಎಂದುಕೊಂಡೆ. ನಮ್ಮ ಮನೆಯಲ್ಲಿ ಹಾಲು ಕರೆಯುವ ಹೊತ್ತಾಗಿತ್ತು. ನಾನೂ ಖುಷಿಯಿಂದ ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟು ಬಸ್ಸಿನ ಶೆಡ್ಡಿನ ಬಳಿ ಬಂದರೆ, ಹೆಲ್ಮರ್ ಗಡಿಯಾರ ನೋಡುತ್ತ ನಿಂತಿದ್ದಾನೆ. ಒಳಗೆ ಜನ ಕೂತಾಗಿದೆ.

"ನಿನ್ನ ಶಿಷ್ಯೆ ಎಲ್ಲಿ?" ಎಂದ.

"ಬಂದಿಲ್ವಾ?"

"ಬಂದಿದ್ರೆ ನಿನ್ನ ಯಾಕೆ ಕೇಳ್ತಿದ್ದೆ? ಶನಿವಾರ ನಾನು ಹೌದು ಅಂದೆ. ಸೋಮವಾರ ಬರಬೇಕೋ ಬೇಡವೋ?"

ಹೌದು ಅಂದೆ ಎಂದಾಗ ನನಗೆ ಶನಿವಾರದ ಆ ಸದ್ದು ನೆನಪಾಯಿತು. ಹಿಂದೆಯೇ ಅಂಗಡಿಯ ಹೆಂಗಸು, ಬೆಣ್ಣೆ. ನಮ್ಮ ಉತ್ತರದ ಕಡೆ ಹೌದು ಎನ್ನಲು ಬಾಯಿ ತೆರೆಯುವುದಿಲ್ಲ. ತುಟಿ ಕಿರಿದು ಮಾಡಿ ಉಸಿರನ್ನು ಒಮ್ಮೆಗೇ ಒಳಗೆಳೆಯುತ್ತೇವೆ, ಅಷ್ಟೇ. ಅದಕ್ಕೆ ಅಕ್ಷರವಿಲ್ಲ, ಯಾವ ಪಾಠಪುಸ್ತಕದಲ್ಲೂ ಇಲ್ಲ. ಅದೊಂದು ಮಾತು ಎಂದು ನನಗೇ ಗೊತ್ತಿರಲಿಲ್ಲ. ಎನಿಡ್‌ಳ ಊರಲ್ಲಿ ಹಾಗೆ ಉಸಿರೆಳೆದುಕೊಳ್ಳುವುದು ಬೆಚ್ಚಿಬಿದ್ದಾಗ. ಇಪ್ಪತ್ತೆರಡು ಊರಿನ ಹೆಸರನ್ನು ಏಳು ವಾರ ತಿದ್ದಿದ ನಾನು, ಈ ಒಂದನ್ನು ಹೇಳಿಕೊಟ್ಟಿರಲಿಲ್ಲ.

"ಬೇಗ ಹೋಗೋಣ" ಎಂದೆ. ಹೆಲ್ಮರ್ ತಾನೇ ಸ್ಟೀರಿಂಗ್ ಹಿಡಿದ. ಅವನು ಊರ ಹೆಸರನ್ನು ತನ್ನ ಮೀಸೆಗೆ ಹೇಳಿಕೊಳ್ಳುವವನಂತೆ ಗೊಣಗುತ್ತಿದ್ದ. ಇಬ್ಬರು ತಪ್ಪು ನಿಲ್ದಾಣದಲ್ಲಿ ಇಳಿದು ಮತ್ತೆ ಹತ್ತಿದರು.

ಶೇರ್‌ನೆಸ್‌ನಲ್ಲಿ ಬಾಗಿಲು ತೆರೆದಾಗ ದೀಪದ ಕಂಬದ ಕೆಳಗೆ ಮೂವರು ನಿಂತಿದ್ದರು. ಆಸ್ಪತ್ರೆಗೆ ಹೊರಟಿದ್ದ ತೆಕ್ಲಾ ಅಜ್ಜಿ. ಬರಿದಲೆಯಲ್ಲಿ ತೂರೆ. ಬೆಲ್ಟು ಬಿಗಿದ ಕಂದು ಸೂಟ್‌ಕೇಸ್ ಹಿಡಿದ ಎನಿಡ್.

"ಸ್ಟೇಷನ್‌ಗೆ ಒಂದು" ಎಂದಳು ಎನಿಡ್, ಹೆಲ್ಮರನ ಮುಖ ನೋಡದೆ. ಉಚ್ಚಾರ ಸ್ವಚ್ಛವಾಗಿತ್ತು.

"ತಡ ಮಾಡಿದೆ" ಎಂದ ಹೆಲ್ಮರ್.

"ರೈಲಿಗೆ ಇನ್ನೂ ಹೊತ್ತಿದೆ."

"ರೈಲಿನ ಮಾತಲ್ಲ. ಕೆಲಸಕ್ಕೆ ತಡ ಮಾಡಿದೆ. ಶನಿವಾರ ಹೌದು ಅಂದೆನಲ್ಲ?"

"ಅನ್ಲಿಲ್ಲ. ನೀನು ಬೆಚ್ಚಿಬಿದ್ದೆ" ಎಂದಳು, ಅಷ್ಟಿಷ್ಟು ಕಲಿತ ಸ್ವೀಡಿಷಿನಲ್ಲಿ.

"ನಾನಾ?" ಹೆಲ್ಮರ್ ಇಡೀ ಬಸ್ಸಿನ ಕಡೆ ತಿರುಗಿದ. "ನಾನ್ಯಾವಾಗ ಬೆಚ್ಚಿಬಿದ್ದೆ?"

ನಾನು ಮುಂದೆ ನುಗ್ಗಿದೆ. "ಎನಿಡ್, ಅದು ಹೌದು. ಆ ಉಸಿರೇ ಹೌದು. ನಾನು ಹೇಳಿಕೊಡಲಿಲ್ಲ, ನನ್ನ ತಪ್ಪು. ತೆಕ್ಲಾ, ಹೇಳು, ನಿನಗೆ ಇವತ್ತು ಆಸ್ಪತ್ರೆ ಇದೆಯಾ?"

"ಶ್ಶುಪ್" ಎಂದಳು ತೆಕ್ಲಾ.

"ಹೊರಗೆ ಚಳಿ ಇದೆಯಾ?" ಎಂದೆ ಹಿಂದಿನವರಿಗೆ. ಏಳೆಂಟು ಜನ ಒಟ್ಟಿಗೆ ಉಸಿರೆಳೆದರು. ಎನಿಡ್ ಅವರನ್ನೆಲ್ಲ ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ತೂರೆಯ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತಾ ಇದು?"

"ಮಿಲ್ಲಿನಲ್ಲಿ ಎಲ್ರೂ ಹಾಗೇ ಮಾಡ್ತಾರೆ" ಎಂದ ತೂರೆ. "ಆದ್ರೆ ನೀನು ಹೇಳಿದ್ದು ಹೆಲ್ಮರ್‌ಗೆ ಇಷ್ಟ ಆಗ್ಲಿಲ್ಲ ಅಂತ. ಅವನು ಹೇಗಂದ ಅಂತ ನಾನೆಲ್ಲಿ ಕೇಳ್ದೆ?"

"ಹಾಗಾದ್ರೆ ಅಂಗಡಿಯಲ್ಲಿ ಬೆಣ್ಣೆ..."

"ಇತ್ತು" ಎಂದೆ.

"ಇಪ್ಪತ್ತು ಸಲ ಬರೆಸಿದ್ಯಲ್ಲ, ಮಿಸ್."

ತೆಕ್ಲಾ ಅಜ್ಜಿ ಎನಿಡ್‌ಳ ಬೆನ್ನಿಗೆ ಕೋಲಿನಿಂದ ಮೆಲ್ಲಗೆ ತಿವಿದಳು. "ಹತ್ತು ಮಗಳೇ. ಇವನ ಗೊಣಗಾಟ ನಂಬ್ಕೊಂಡ್ರೆ ನಾನು ಆಸ್ಪತ್ರೆ ಅಂತ ಹಂದಿ ಕಸಾಯಿಖಾನೆಯಲ್ಲಿ ಇಳೀತೀನಿ."

ಹೆಲ್ಮರ್ ಡ್ರೈವರ್ ಸೀಟಿನಿಂದ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತ. "ಶೋರ್" ಎಂದ. ಓಡಿಸು.

"ಕೋರ್ ಅಲ್ವಾ?" ಎಂದಳು ಎನಿಡ್.

"ಅದನ್ನ ಭಾನುವಾರ ಚರ್ಚಿನಲ್ಲಿ ನೋಡ್ಕೋ."

ತೂರೆ ಸೂಟ್‌ಕೇಸಿಗೆ ಕೈ ಚಾಚಿದ. ಅವಳು ಕೊಡಲಿಲ್ಲ, ತಡವಾಗಿದೆ ಎಂದು ಒಳಗೆ ತಳ್ಳಿ, ಸೀಟಿಗೆ ಹತ್ತಿ, ಕನ್ನಡಿ ಸರಿಮಾಡಿಕೊಂಡಳು. ಆ ದಿನ ಸಂಜೆಯವರೆಗೂ ಸೂಟ್‌ಕೇಸ್ ಬಸ್ಸಿನ ನಡುದಾರಿಯಲ್ಲೇ ಇತ್ತು. ಹತ್ತುವವರು ಇಳಿಯುವವರೆಲ್ಲ ಅದನ್ನು ದಾಟಿಕೊಂಡು ಹೋದರು. ಒಬ್ಬರೂ ಏನಿದೆ ಇದರಲ್ಲಿ ಎಂದು ಕೇಳಲಿಲ್ಲ.

ಎನಿಡ್ ಏಳನೇ ನಂಬರ್ ಬಸ್ಸನ್ನು ಇಪ್ಪತ್ತೊಂಬತ್ತು ವರ್ಷ ಓಡಿಸಿದಳು. ಏಳಕ್ಕೆ ನಮ್ಮ ಕಡೆ ಷೂ ಎನ್ನುತ್ತೇವೆ. ಕಾಲಿಗೆ ಹಾಕುವ ಷೂ ನಂಬರ್ ಬಸ್ಸು ಎಂಬ ಅವಳ ಹಳೆಯ ತಮಾಷೆಗೆ ಕೊನೆಯವರೆಗೂ ಅವಳೊಬ್ಬಳೇ ನಗುತ್ತಿದ್ದಳು. ನಾನು ಶಾಲೆಯಲ್ಲಿ ಕಲಿಸಿದ ಎರಡು ತಲೆಮಾರಿನ ಮಕ್ಕಳು ಊರ ಹೆಸರುಗಳನ್ನು ಅವಳ ಏರಿಳಿತದಲ್ಲೇ ಹೇಳುತ್ತಿದ್ದರು. ನಕ್ಷೆಯ ಪಾಠದಲ್ಲಿ ಯೂಪ್‌ವಿಕ್ ತೋರಿಸು ಎಂದರೆ, ಹಿಂದಿನ ಬೆಂಚಿನವನು ಮೀನು ಮಾರುವ ರಾಗದಲ್ಲಿ ಯೂಪ್‌ವಿಕ್ ಎಂದು ಕೂಗಿಯೇ ಬೆರಳಿಡುತ್ತಿದ್ದ. ನಾನು ತಿದ್ದಲಿಲ್ಲ.

ತೆಕ್ಲಾ ಅಜ್ಜಿ ತೊಂಬತ್ತೊಂದನೆಯ ವಯಸ್ಸಿಗೆ ತೀರಿಕೊಂಡಳು. ಹೆಲ್ಮರ್ ಬಸ್ಸುಗಳನ್ನು ಮಾರಿದ. ಕಿಟಕಿಗೆ ಮಂಜು ಕಟ್ಟದ ಹೊಸ ಬಸ್ಸು ಬಂತು, ಅದರಲ್ಲಿ ಮೊದಲೇ ಮುದ್ರಿಸಿಟ್ಟ ಹೆಣ್ಣುದನಿ. ಅದು ದಕ್ಷಿಣದವರ ದನಿ. ಈಗಲೂ ಆ ಕಾಡಿನ ತಿರುವಿನಲ್ಲಿ ಅದು ಹ್ವೇರ್‌ನೆಸ್ ಎಂದಾಗ ನಾನು ಸೀಟಿನಲ್ಲಿ ಕೂತೇ ತುಟಿ ದುಂಡಗೆ ಮಾಡಿ ಮೆಲ್ಲಗೆ ಸರಿಯಾಗಿ ಹೇಳಿಕೊಳ್ಳುತ್ತೇನೆ. ಹದಿನೈದನೆಯ ನಿಲ್ದಾಣವನ್ನು ತೆಗೆದುಹಾಕಿದ್ದಾರೆ. ಹಲ್ಲು ಕಿರಿಯುವ ಊರಿಗೆ ಹೋಗಬೇಕಾದವರು ಈಗ ಮಗು ಮಲಗಿಸುವ ಊರಲ್ಲಿ ಇಳಿದು ನಡೆಯಬೇಕು.

ತೂರೆ ತೀರಿಹೋಗಿ ಹನ್ನೊಂದು ವರ್ಷವಾಯಿತು. ಆಗ ಅವಳ ತಂಗಿ ಗ್ರಿಮ್ಸ್‌ಬಿಯಿಂದ ಫೋನ್ ಮಾಡಿ, ಇನ್ನಾದರೂ ಊರಿಗೆ ಬಂದುಬಿಡು ಎಂದಳಂತೆ. ಎನಿಡ್ ಇದನ್ನು ನನಗೆ ಹೇಳುವಾಗ ಅದೇ ಅಡುಗೆಮನೆಯಲ್ಲಿ ಕೂತಿದ್ದೆವು.

"ನೀನೇನಂದೆ?"

"ಇಲ್ಲೇ ಇರ್ತೀಯಾ ಅಂತ ಕೇಳಿದ್ಳು. ಶ್ಶುಪ್ ಅಂದೆ. ಪಾಪ, ನಂಗೆ ಏನೋ ಆಯ್ತು ಅಂತ ಹೆದ್ರಿ ಇನ್ನೊಂದು ಸಲ ಫೋನ್ ಮಾಡಿದ್ಳು."

ಎನಿಡ್‌ಗೆ ಈಗ ಎಂಬತ್ತೆರಡು. ಮಂಗಳವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಊರಿನ ಗ್ರಂಥಾಲಯದಲ್ಲಿ, ಸಿರಿಯಾದಿಂದಲೂ ಎರಿಟ್ರಿಯಾದಿಂದಲೂ ಬಂದವರಿಗೆ ಸ್ವೀಡಿಷ್ ಕಲಿಸುತ್ತಾಳೆ. ಮೊದಲ ದಿನ ಪುಸ್ತಕ ತೆರೆಸುವುದಿಲ್ಲ. ಉಸಿರು ಒಳಗೆಳೆಯುವುದನ್ನು ಹೇಳಿಕೊಡುತ್ತಾಳೆ.